ಓದದೆ ಎತ್ತಿಟ್ಟವರು

ಓದುಗರೊಬ್ಬರು ಬರೆದಿದ್ದಾರೆ: "ಯೋಕೊ ಒಗಾವಾ ಅವರ 'ದಿ ಮೆಮೊರಿ ಪೊಲೀಸ್' ಕಾದಂಬರಿ ನಮಗೆ ಪಠ್ಯವಾಗಿದೆ. ಎರಡು ಸಲ ಓದಿದೆ. ಒಂದು ದ್ವೀಪದಲ್ಲಿ ವಸ್ತುಗಳು ಒಂದೊಂದಾಗಿ ಮಾಯವಾಗುತ್ತವೆ. ಯಾರು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಲೇಖಕಿ ಹೇಳುವುದೇ ಇಲ್ಲ. ಪ್ರಬಂಧದಲ್ಲಿ 'ಇದು ಸರ್ವಾಧಿಕಾರದ ಕಥೆ' ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಕೊನೆಗೆ ಕಥೆ ಹೇಳುವವಳೇ ಕರಗಿಹೋಗುತ್ತಾಳೆ. ಇಷ್ಟು ನಿರಾಶೆಯ ಪುಸ್ತಕವನ್ನು ಹೇಗೆ ಓದಬೇಕು?"

ನಿಮ್ಮ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದಿದೆ. ನಿಮ್ಮ ಪೆನ್ನು ನಿಂತದ್ದು ಒಳ್ಳೆಯದೇ ಆಯಿತು. ಸರ್ವಾಧಿಕಾರ ಅನ್ನುವ ಮಾತು ತಪ್ಪಲ್ಲ. ಆದರೆ ಮೊದಲ ಸಾಲಿನಲ್ಲೇ ಅದನ್ನು ಬರೆದುಬಿಟ್ಟರೆ ಆಮೇಲೆ ಪುಸ್ತಕದೊಳಗೆ ನೋಡುವ ಆಸೆಯೇ ಹೋಗಿಬಿಡುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ಈ ಕಾದಂಬರಿ ಜಪಾನಿನಲ್ಲಿ ಬಂದದ್ದು 1994ರಲ್ಲಿ. ಸ್ಟೀಫನ್ ಸ್ನೈಡರ್ ಅವರ ಇಂಗ್ಲಿಷ್ ಅನುವಾದ ಬಂದದ್ದು 25 ವರ್ಷ ಕಳೆದ ಮೇಲೆ, 2019ರಲ್ಲಿ. ಜಪಾನಿ ಹೆಸರಿನಲ್ಲಿ ಪೊಲೀಸರೇ ಇಲ್ಲ. ಅದು 'ಹಿಸೊಯಾಕ ನ ಕೆಶ್ಶೋ'. ಸದ್ದಿಲ್ಲದೆ ಅಡಗಿರುವ ಹರಳು ಎಂಬಂಥ ಅರ್ಥ. ಇಂಗ್ಲಿಷ್ ಹೆಸರು ನೋಡಿದವರು ಕಿತ್ತುಕೊಂಡವರು ಯಾರು ಎಂದು ಹುಡುಕುತ್ತಾರೆ. ಜಪಾನಿ ಹೆಸರು ನೋಡಿದವರು ಒಳಗೆ ಉಳಿದದ್ದು ಏನು ಎಂದು ಹುಡುಕುತ್ತಾರೆ. ನೀವು ಮೊದಲನೆಯ ದಾರಿ ಹಿಡಿದಿರಿ. ಅದರಲ್ಲೇ ಇನ್ನೂ ಸ್ವಲ್ಪ ದೂರ ಹೋಗಿ, ಆಮೇಲೆ ಎರಡನೆಯದಕ್ಕೆ ಬರೋಣ.

ಹಕ್ಕಿಗಳು ಮಾಯವಾದ ದಿನವನ್ನು ನೆನಪು ಮಾಡಿಕೊಳ್ಳಿ. ಹಕ್ಕಿ ಆಕಾಶದಿಂದ ಅಳಿಸಿಹೋಗುವುದಿಲ್ಲ, ಹಾರುತ್ತಲೇ ಇರುತ್ತದೆ. ಅದನ್ನು ನೋಡುವ, ಕಥೆ ಹೇಳುವವಳ ಮನಸ್ಸಿನಲ್ಲಿ ಮಾತ್ರ ಏನೂ ಮಿಡಿಯುವುದಿಲ್ಲ. ಅವಳ ಅಪ್ಪ ಇಡೀ ಬದುಕನ್ನು ಹಕ್ಕಿಗಳ ಅಧ್ಯಯನದಲ್ಲೇ ಕಳೆದವರು. ಆದರೂ ಅಷ್ಟೇ. ಊರಿನವರು ಸಾಕಿದ ಹಕ್ಕಿಗಳನ್ನು ಪಂಜರ ಸಮೇತ ಹೊರಗೆ ತಂದು, ಬಾಗಿಲು ತೆಗೆದು ಬಿಟ್ಟುಬಿಡುತ್ತಾರೆ. ಗುಲಾಬಿ ಮಾಯವಾದಾಗ ತಮ್ಮ ಗಿಡದ ಹೂಗಳನ್ನು ತಾವೇ ತಂದು ಹೊಳೆಗೆ ಚೆಲ್ಲುತ್ತಾರೆ. ಕಾದಂಬರಿಗಳು ಮಾಯವಾದಾಗ ತಾವೇ ಬೆಂಕಿಗೆ ಹಾಕುತ್ತಾರೆ. ಟೋಪಿ ಮಾಡುತ್ತಿದ್ದವನು ಕೊಡೆ ಮಾಡಲು ಕೂರುತ್ತಾನೆ. ಪೊಲೀಸರು ಬರುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಅವರು ಬರುವುದು ಎಲ್ಲರಂತೆ ಮರೆಯದ ಕೆಲವರನ್ನು ಹುಡುಕಲು, ಮನೆಗಳಲ್ಲಿ ಉಳಿದುಹೋದದ್ದನ್ನು ಹೊತ್ತೊಯ್ಯಲು.

ಜಾರ್ಜ್ ಆರ್ವೆಲ್ 1949ರಲ್ಲಿ ತಂದ '1984' ಕಾದಂಬರಿಯಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದುವುದಕ್ಕೆಂದೇ ಒಂದು ಇಲಾಖೆ ಇದೆ. ಅಲ್ಲಿ ಅಳಿಸುವುದು ನೌಕರರ ಕೆಲಸ. ನಿಜವಾದ ಚರಿತ್ರೆಯಲ್ಲೂ ಹಾಗೆ ನಡೆದಿದೆ. ಸ್ಟಾಲಿನ್ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದ, ಅವನ ರಹಸ್ಯ ಪೊಲೀಸರ ಮುಖ್ಯಸ್ಥ ನಿಕೊಲಾಯ್ ಯೆಜೋವ್‌ನನ್ನು 1940ರಲ್ಲಿ ಗುಂಡಿಟ್ಟು ಕೊಂದರು. ಫೋಟೊದಿಂದಲೂ ತೆಗೆದುಹಾಕಿದರು. ಅವನು ನಿಂತಿದ್ದ ಜಾಗದಲ್ಲಿ ಈಗ ಕಾಲುವೆಯ ನೀರು ಕಾಣುತ್ತದೆ. ಇಂಥ ಕಡೆ 'ಯಾರು ಅಳಿಸಿದರು' ಎಂದು ಕೇಳಿದರೆ ಉತ್ತರವಿದೆ. ಒಗಾವಾ ಆ ಉತ್ತರವನ್ನು ಬೇಕೆಂದೇ ಕೊಟ್ಟಿಲ್ಲ ಅನ್ನುವುದು ನನ್ನ ಓದು. ಕೊಟ್ಟಿದ್ದರೆ ನಾವು ಅಳಿಸಿದವರನ್ನು ಬೈದು ಪುಸ್ತಕ ಮುಚ್ಚಿಬಿಡುತ್ತಿದ್ದೆವು. ಪಂಜರದ ಬಾಗಿಲು ತೆಗೆದ ಕೈಗಳನ್ನು ನೋಡುತ್ತಲೇ ಇರಲಿಲ್ಲ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಮಾಯವಾದ ಒಂದೊಂದು ವಸ್ತುವಿಗೂ ಒಂದೊಂದು ಪುಟ. ಮರುದಿನ ಜನ ಏನು ಮಾಡಿದರು, ಪೊಲೀಸರು ಯಾವಾಗ ಬಂದರು, ಇಷ್ಟು ಬರೆದರೆ ಸಾಕು. ಕ್ಯಾಲೆಂಡರಿನ ಪುಟವನ್ನು ಬಿಡಬೇಡಿ. ಕ್ಯಾಲೆಂಡರ್ ಹೋದ ಮೇಲೆ ವಸಂತವೇ ಬರುವುದಿಲ್ಲ, ಹಿಮ ಬೀಳುತ್ತಲೇ ಇರುತ್ತದೆ. ಎಡಗಾಲಿನ ಪುಟಕ್ಕೆ ಬಂದಾಗ ಹಿಂದಿನ ಪುಟಗಳನ್ನೆಲ್ಲ ಒಮ್ಮೆ ತಿರುವಿ ಹಾಕಿ. ಚಿಕ್ಕ ಪುಟ್ಟ ವಸ್ತುಗಳು ಹೋದಾಗ ಹೇಗೋ ಹೊಂದಿಕೊಂಡವರೇ ಕಾಲು ಹೋದಾಗಲೂ ಹೊಂದಿಕೊಳ್ಳುತ್ತಾರೆ. ಹೊಸ ರೀತಿಯಲ್ಲಿ ನಡೆಯುವುದನ್ನು ಕಲಿಯುತ್ತಾರೆ.

ಇನ್ನು ಎರಡನೆಯ ದಾರಿ. ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಕಥೆ ಹೇಳುವವಳ ಅಮ್ಮ ಶಿಲ್ಪಿ. ಮಾಯವಾದ ವಸ್ತುಗಳನ್ನು ಆಕೆ ಪುಟ್ಟ ಪುಟ್ಟ ಡ್ರಾಯರುಗಳಲ್ಲಿ ಬಚ್ಚಿಟ್ಟಿದ್ದರು. ಆಕೆಯನ್ನು ಪೊಲೀಸರು ಕರೆದೊಯ್ದರು, ಜೀವಂತವಾಗಿ ಹಿಂತಿರುಗಲಿಲ್ಲ. ಎಷ್ಟೋ ಕಾಲದ ಮೇಲೆ ಭೂಕಂಪದಲ್ಲಿ ಆಕೆಯ ಶಿಲ್ಪಗಳು ಒಡೆಯುತ್ತವೆ. ಒಳಗಿನಿಂದ ಹಡಗಿನ ಟಿಕೆಟ್, ಮೌತ್ ಆರ್ಗನ್ ಇಂಥವು ಹೊರಬೀಳುತ್ತವೆ. ಅಮ್ಮನಿಗೆ ಎಲ್ಲ ನೆನಪಿತ್ತು. ಹಾಗಾಗಿ ಎತ್ತಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಮಗಳ ವಿಷಯ ಬೇರೆ. ಅವಳು ಕಾದಂಬರಿ ಬರೆಯುವವಳು, ಎಲ್ಲರಂತೆ ಮರೆಯುವವಳು. ಆದರೂ ತನ್ನ ಸಂಪಾದಕ 'ಆರ್'ಗೆ ಏನೂ ಮರೆಯುವುದಿಲ್ಲ ಎಂದು ಗೊತ್ತಾದ ಕೂಡಲೇ ಅಪ್ಪನ ಓದುವ ಕೋಣೆಯ ನೆಲದಡಿ ಅವನಿಗೊಂದು ಗೂಡು ಕಟ್ಟಿಸುತ್ತಾಳೆ. ಹಳೆಯ ಹಡಗಿನಲ್ಲಿ ವಾಸವಾಗಿರುವ ಅಜ್ಜ ಅವಳಿಗೆ ನೆರವಾಗುತ್ತಾನೆ.

ಮೊದಲ ಸಲ ಓದಿದಾಗ ಆರ್‌ನೇ ಈ ಕಥೆಯ ನಾಯಕ ಅಂದುಕೊಂಡಿದ್ದೆ. ನಾನೂ ಸಂಪಾದಕರ ಕೆಲಸ ಮಾಡುವುದರಿಂದ ಮನಸ್ಸು ಸುಮ್ನೆ ಅತ್ತ ವಾಲಿತ್ತೋ ಏನೋ. ಈ ಸಲ ಅಭಿಪ್ರಾಯ ಬದಲಾಯಿತು. ಅವನಿಗೆ ನೆನಪು ಇದೆ, ಅದಕ್ಕಾಗಿ ಅವನು ಏನೂ ಮಾಡಬೇಕಿಲ್ಲ. ಊಟ ತಲುಪಿಸುವವಳು ಅವಳು. ಪೊಲೀಸರು ಮನೆ ಜಾಲಾಡುವಾಗ ಉಸಿರು ಬಿಗಿಹಿಡಿದು ನಿಲ್ಲುವವಳು ಅವಳು. ಕಾದಂಬರಿಗಳು ಮಾಯವಾದ ಮೇಲೆ ಕಾದಂಬರಿ ಅಂದರೆ ಏನೆಂದೇ ಅವಳಿಗೆ ತಿಳಿಯದು. ಆರ್ ಬರೆ ಎನ್ನುತ್ತಾನೆ. ಅವಳು ಒಂದೊಂದೇ ಮಾತು ಕೂಡಿಸಿ, ತಾನು ಮೊದಲೇ ಶುರು ಮಾಡಿದ್ದ, ಈಗ ಅರ್ಥವಾಗದ ಕಥೆಯನ್ನು ಬರೆದು ಮುಗಿಸುತ್ತಾಳೆ. ತನಗೆ ಅರ್ಥವೇ ಆಗದ್ದನ್ನು ಕಾಪಾಡುವುದು ಎಷ್ಟು ಕಷ್ಟ, ಅಲ್ವಾ?

ಒಗಾವಾ ಹದಿಹರೆಯದಲ್ಲೇ ಆನ್ ಫ್ರಾಂಕ್ ದಿನಚರಿ ಓದಿದವರು. ತಮ್ಮ ಬರವಣಿಗೆಗೆ ಅದು ದೊಡ್ಡ ಪ್ರೇರಣೆ ಎಂದು ಹೇಳಿದ್ದಾರೆ. 1942ರ ಜುಲೈನಿಂದ 1944ರ ಆಗಸ್ಟ್ 4ರವರೆಗೆ ಆಮ್‌ಸ್ಟರ್‌ಡ್ಯಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಆನ್ ಅವರ ಯಹೂದಿ ಕುಟುಂಬ ನಾಜಿಗಳಿಗೆ ಹೆದರಿ ಅಡಗಿತ್ತು. ಕೊನೆಗೆ ಅಲ್ಲಿದ್ದವರು ಒಟ್ಟು 8 ಜನ. ಆ ಅಡಗುತಾಣಕ್ಕೂ ಆರ್‌ನ ಗೂಡಿಗೂ ಇರುವ ಹೋಲಿಕೆ ಯಾರಿಗಾದರೂ ಕಾಣುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಮೀಪ್ ಗೀಸ್ ಎಂಬಾಕೆ. ಅಡಗಿದ್ದವರಿಗೆ ಎರಡು ವರ್ಷ ಊಟ ಒದಗಿಸಿದವರಲ್ಲಿ ಆಕೆಯೂ ಒಬ್ಬರು. ಅವರನ್ನೆಲ್ಲ ಹಿಡಿದೊಯ್ದ ಮೇಲೆ ನೆಲದ ಮೇಲೆ ಚೆಲ್ಲಿದ್ದ ದಿನಚರಿಯ ಹಾಳೆಗಳನ್ನು ಆಯ್ದು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟರು. ಒಂದು ಸಾಲನ್ನೂ ಓದಲಿಲ್ಲ. 1945ರಲ್ಲಿ ಆನ್ ಸತ್ತದ್ದು ಖಚಿತವಾದ ಮೇಲೆ ಹಾಗೆಯೇ ಅವಳ ತಂದೆಯ ಕೈಗೆ ಕೊಟ್ಟರು. 1947ರಲ್ಲಿ ಅದು ಪುಸ್ತಕವಾಯಿತು. ಮುಂದೆ ಆಕೆ ಹೇಳಿದ್ದಾರೆ, ಆಗಲೇ ಓದಿದ್ದರೆ ಸುಟ್ಟುಬಿಡಬೇಕಾಗುತ್ತಿತ್ತು ಎಂದು. ನೆರವಾದವರ ಹೆಸರುಗಳೆಲ್ಲ ಅದರಲ್ಲಿದ್ದವು.

ಇದಕ್ಕೆ ಎದುರಾಗಿ ರಷ್ಯದ ಕವಿ ಅನ್ನಾ ಅಖ್ಮಾತೊವಾ ಅವರನ್ನು ಇಟ್ಟು ನೋಡಿ. ಸ್ಟಾಲಿನ್ ಕಾಲದಲ್ಲಿ ಕವಿತೆಯನ್ನು ಚೀಟಿಯಲ್ಲಿ ಬರೆದು ಗೆಳತಿ ಲಿಡಿಯಾ ಚುಕೊವ್‌ಸ್ಕಯಾ ಅವರಿಗೆ ತೋರಿಸುತ್ತಿದ್ದರು. ಗೆಳತಿ ಬಾಯಿಪಾಠ ಮಾಡಿಕೊಂಡ ಕೂಡಲೇ ಚೀಟಿಯನ್ನು ಸುಡುತ್ತಿದ್ದರು. ಹಾಗೆ ಉಳಿದ 'ರಿಕ್ವಿಯೆಂ' ಕವಿತೆ ಸೋವಿಯತ್ ನೆಲದಲ್ಲಿ ಪೂರ್ತಿಯಾಗಿ ಅಚ್ಚಾದದ್ದು 1987ರಲ್ಲಿ. ಇದು ಆರ್ ಕಾಪಾಡುವ ರೀತಿ, ನೆನಪಿನಲ್ಲೇ ಇಟ್ಟುಕೊಳ್ಳುವುದು. ಮೀಪ್ ಅವರದ್ದು ಕಥೆ ಹೇಳುವವಳ ರೀತಿ. ಪ್ರಬಂಧವನ್ನು ಈ ಎರಡು ರೀತಿಗಳ ಮೇಲೆ ಕಟ್ಟಿ ನೋಡಿ. ಸರ್ವಾಧಿಕಾರ ಅನ್ನುವ ಮಾತು ತಾನಾಗಿಯೇ ತನ್ನ ಜಾಗಕ್ಕೆ ಬರುತ್ತದೆ.

ನಿರಾಶೆಯ ಬಗ್ಗೆ ನೀವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಅವಳ ದನಿ ಒಂದೇ ಉಳಿದು, ಅದೂ ಆರಿಹೋಗುವ ಪುಟದಲ್ಲಿ ನನಗೂ ಗಂಟಲು ಕಟ್ಟಿತು. ಆದರೆ ಅದಾದ ಮೇಲೆ ಆರ್ ಗೂಡಿನಿಂದ ಹೊರಗೆ ಬರುತ್ತಾನೆ. ಅವಳು ಬರೆದು ಮುಗಿಸಿದ ಕಥೆಯನ್ನು ಓದಬಲ್ಲವನು ಒಬ್ಬನಾದರೂ ಉಳಿದಿದ್ದಾನೆ.

ಆ ಕಥೆಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ದನಿ ಕಳೆದುಕೊಂಡ ಟೈಪಿಸ್ಟ್ ಹುಡುಗಿ, ಅವಳನ್ನು ಗಡಿಯಾರದ ಗೋಪುರದಲ್ಲಿ ಕೂಡಿಹಾಕುವ ಟೈಪಿಂಗ್ ಮೇಷ್ಟ್ರು. ಬರಬರುತ್ತಾ ಅವಳು ಆ ಕೋಣೆಗೇ ಒಗ್ಗಿಹೋಗುತ್ತಾಳೆ. ಆ ಭಾಗಗಳನ್ನಷ್ಟೇ ಹೆಕ್ಕಿ, ಒಂದೇ ಕೂತಿನಲ್ಲಿ ಓದಿ. ಒಬ್ಬನನ್ನು ಉಳಿಸುವುದಕ್ಕೆ ಕೋಣೆಯಲ್ಲಿ ಬಚ್ಚಿಟ್ಟವಳು, ಒಬ್ಬಳನ್ನು ಕೋಣೆಯಲ್ಲಿಟ್ಟು ಅಳಿಸಿಹಾಕುವ ಕಥೆಯನ್ನೇ ಯಾಕೆ ಬರೆದಳು? ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನಿಮಗೆ ಏನನ್ನಿಸಿತು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ