ಪೊಟ್ಯಾಶಿಯಂ 3.1 ಬಂದಿದೆ, ದಿನಾ ಎರಡು ಬಾಳೆಹಣ್ಣು ತಿಂದರೆ ಸಾಕಾ?

ನಿಮ್ಮ ಅಮ್ಮನಿಗೆ 62 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತಾರೆ, ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಶಿಯಂ 3.1 (ಲೀಟರಿಗೆ ಇಷ್ಟು ಮಿಲಿಮೋಲ್ ಅನ್ನುವ ಅಳತೆ) ಬಂದಿದೆ. ಯಾಕೆ ಇಳಿಯಿತು, ಬಾಳೆಹಣ್ಣಿನಲ್ಲೇ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಎರಡು ವರ್ಷದ ಹಿಂದೆ ನಮ್ಮ ಅಪ್ಪನಿಗೆ 2.7ಕ್ಕೆ ಇಳಿದಿತ್ತು. ಆಗ ಗೊತ್ತಾದದ್ದನ್ನು ಹೇಳುತ್ತೇನೆ.

ಅಪ್ಪನಿಗೆ ಶುರುವಾಗಿದ್ದು ಕಾಲಿನಿಂದ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ವಯಸ್ಸಾಯಿತು ಅಂತ ಎಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದರು. ಒಂದು ದಿನ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೇ ಎತ್ತಲಾಗಲಿಲ್ಲ, ಕಂಡಕ್ಟರ್ ಕೈ ಹಿಡಿದು ಹತ್ತಿಸಿದರಂತೆ. ಮಲಬದ್ಧತೆಯೂ ಇತ್ತು. ಪೊಟ್ಯಾಶಿಯಂ ಇಳಿದರೆ ಕರುಳಿನ ಸ್ನಾಯುವೂ ಸೋಮಾರಿಯಾಗುತ್ತದೆ ಅಂತ ಆಮೇಲೆ ತಿಳಿಯಿತು.

ಡಾಕ್ಟರ್ ರಿಪೋರ್ಟ್ ನೋಡಿದವರೇ ಇಸಿಜಿ ಮಾಡಿಸಿದರು. 3.5ರಿಂದ 5ರವರೆಗೆ ಸರಿ. 3ಕ್ಕಿಂತ ಕೆಳಗೆ ಹೋದರೆ ಹೃದಯದ ಬಡಿತ ತಪ್ಪುವ ಭಯ ಜಾಸ್ತಿ. 2.5ಕ್ಕಿಂತ ಕೆಳಗಂತೂ ತುರ್ತು. ಆಮೇಲೆ ಅವರು ಊಟದ ವಿಷಯ ಕೇಳಲೇ ಇಲ್ಲ. ಯಾವ ಮಾತ್ರೆ, ವಾಂತಿ ಭೇದಿ ಆಗಿತ್ತಾ, ಮನೆಮದ್ದು ಏನಾದರೂ ಉಂಟಾ, ಇಷ್ಟೇ ಕೇಳಿದ್ದು. ಅಪ್ಪ "ಏನೂ ಇಲ್ಲ" ಅಂದರು. ಪಕ್ಕದಲ್ಲಿದ್ದ ಅಮ್ಮ, "ಏನೂ ಇಲ್ವಾ? ಕೆಮ್ಮು ಅಂತ ದಿನಾ ಎರಡು ಹೊತ್ತು ಜೇಷ್ಠಮಧು ಕಷಾಯ ಕುಡೀತೀರಲ್ಲ, ಕಡ್ಡಿ ಬೇರೆ ಅಗೀತಾ ಇರ್ತೀರಿ" ಅಂದರು. ಡಾಕ್ಟರ್ ಪೆನ್ ಕೆಳಗಿಟ್ಟರು.

ಜೇಷ್ಠಮಧುವಿನಲ್ಲಿ ಗ್ಲೈಸಿರೈಜಿನ್ ಅಂತ ಒಂದು ಅಂಶ ಇದೆ. ಜಾಸ್ತಿ ದಿನ ಸೇವಿಸಿದರೆ ಮೈ ಉಪ್ಪು ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಹೊರಗೆ ಕಳಿಸುತ್ತದೆ, ಬಿಪಿಯೂ ಏರುತ್ತದೆ. ಅಪ್ಪನ ಬಿಪಿ ಏರಿತು ಅಂತ ಹಿಂದಿನ ತಿಂಗಳಷ್ಟೇ ಕ್ಲೋರ್ಥಾಲಿಡೋನ್ ಮಾತ್ರೆಯನ್ನು 12.5ರಿಂದ 25 ಮಿಲಿಗ್ರಾಂಗೆ ಏರಿಸಿದ್ದರು. ಅದು ಮೂತ್ರ ಹೆಚ್ಚಿಸುವ ಮಾತ್ರೆ, ಮೂತ್ರದ ಜೊತೆ ಪೊಟ್ಯಾಶಿಯಂ ಹೋಗುತ್ತದೆ. ಕಷಾಯದಿಂದ ಬಿಪಿ ಏರಿತು, ಬಿಪಿಗೆ ಅಂತ ಮಾತ್ರೆ ಏರಿತು, ಎರಡೂ ಸೇರಿ ಪೊಟ್ಯಾಶಿಯಂ ಖಾಲಿ ಮಾಡಿದವು.

ಹಾಗಾಗಿ ಏನು ತಿನ್ನಬೇಕು ಅನ್ನುವುದಕ್ಕಿಂತ ಮೊದಲು ಎಲ್ಲಿ ಸೋರುತ್ತಿದೆ ನೋಡಿ. ಕಡಿಮೆ ತಿಂದದ್ದೊಂದರಿಂದಲೇ ಇಷ್ಟು ಇಳಿಯುವುದು ಅಪರೂಪ. ಅಮ್ಮನ ಮಾತ್ರೆಯ ಸ್ಟ್ರಿಪ್ ಹಿಂದೆ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಫ್ಯುರೋಸೆಮೈಡ್ ಅಂತ ಇದೆಯಾ ಓದಿ, ಇವೆಲ್ಲ ಮೂತ್ರ ಹೆಚ್ಚಿಸುವ ಮಾತ್ರೆಗಳೇ. ಇದ್ದರೂ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ವಾಂತಿ, ಭೇದಿ, ಪದೇಪದೇ ಭೇದಿಯಾಗಲಿ ಅಂತ ಮಾತ್ರೆ ನುಂಗುವ ಅಭ್ಯಾಸ ಇದ್ದರೂ ಇಳಿಯುತ್ತದೆ. ಇನ್ಸುಲಿನ್, ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಪೊಟ್ಯಾಶಿಯಂ ಅನ್ನು ರಕ್ತದಿಂದ ಜೀವಕೋಶದೊಳಗೆ ತಳ್ಳುತ್ತವೆ. ಮೆಗ್ನೀಸಿಯಂ ಕೂಡ ಪರೀಕ್ಷೆ ಮಾಡಿಸಿ. ಅದು ಕಡಿಮೆ ಇದ್ದರೆ ಎಷ್ಟು ಪೊಟ್ಯಾಶಿಯಂ ಕೊಟ್ಟರೂ ಮೂತ್ರಪಿಂಡ ಹೊರಗೆ ಬಿಡುತ್ತಲೇ ಇರುತ್ತದೆ. ಮಾತ್ರೆ ಏನೂ ಇಲ್ಲದೆ ಬಿಪಿ ಜಾಸ್ತಿ, ಪೊಟ್ಯಾಶಿಯಂ ಕಡಿಮೆ ಇದ್ದರೆ ಉಪ್ಪು ಹಿಡಿದಿಟ್ಟು ಪೊಟ್ಯಾಶಿಯಂ ಹೊರಗೆ ಕಳಿಸುವ ಆಲ್ಡೋಸ್ಟಿರೋನ್ ಹಾರ್ಮೋನ್ ಜಾಸ್ತಿಯಾಗಿದೆಯಾ ಅಂತ ನೋಡಿಸಬೇಕಾಗುತ್ತದೆ.

ಈಗ ಬಾಳೆಹಣ್ಣು. ಮೈಯಲ್ಲಿರುವ ಪೊಟ್ಯಾಶಿಯಂನ ನೂರಕ್ಕೆ ಸುಮಾರು 98 ಪಾಲು ಜೀವಕೋಶಗಳ ಒಳಗಿರುತ್ತದೆ, ರಕ್ತದಲ್ಲಿ ಕಾಣುವುದು ಚೂರೇ ಚೂರು. ರಕ್ತದಲ್ಲಿ 0.3 ಇಳಿದರೆ ಮೈಯಲ್ಲಿ ಸುಮಾರು 100 ಮಿಲಿಮೋಲ್ ಖಾಲಿಯಾಗಿದೆ ಅಂತ ಒಂದು ಅಂದಾಜು. ಒಂದು ಬಾಳೆಹಣ್ಣಿನಲ್ಲಿ ಸಿಗುವುದು ಹತ್ತು. ಲೆಕ್ಕ ನೀವೇ ಹಾಕಿ. ಅಪ್ಪನಿಗೆ ಕೊಟ್ಟ ಪೊಟ್ಯಾಶಿಯಂ ಕ್ಲೋರೈಡ್ ಸಿರಪ್ಪಿನಲ್ಲಿ 15 ಮಿಲಿಗೆ 20 ಮಿಲಿಮೋಲ್ ಇತ್ತು. ರುಚಿ ಮಾತ್ರ ದೇವರಿಗೇ ಪ್ರೀತಿ! ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ, ಊಟದ ಮೇಲೆ ಒಂದು ಲೋಟ ನಿಂಬೆ ಶರಬತ್ತಿಗೆ ಬೆರೆಸಿ ಕೊಡುತ್ತಿದ್ದೆವು.

ಊಟ ಬೇಡ ಅಂತಲ್ಲ. ಎಳನೀರು, ಆಲೂಗಡ್ಡೆ, ಗೆಣಸು, ಬೇಳೆಕಾಳು, ಸೊಪ್ಪು ಎಲ್ಲ ಒಳ್ಳೆಯದೇ. ಬೇಯಿಸಿದರೆ ಪೊಟ್ಯಾಶಿಯಂ ನೀರಿಗೆ ಇಳಿಯುತ್ತದೆ, ಬಸಿದು ಚೆಲ್ಲಬೇಡಿ. ನಮ್ಮ ಬಸ್ಸಾರು ಇದಕ್ಕೇ ಮಾಡಿಸಿದ ಹಾಗಿದೆ, ಅಲ್ವಾ?

ಒಂದು ಎಚ್ಚರಿಕೆ. ಅಮ್ಮನಿಗೆ ಮೂತ್ರಪಿಂಡದ ತೊಂದರೆ ಇದ್ದರೆ, ಅಥವಾ ಪೊಟ್ಯಾಶಿಯಂ ಮೈಯಲ್ಲೇ ಉಳಿಸುವ ಮಾತ್ರೆಗಳಾದ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೋನೋಲ್ಯಾಕ್ಟೋನ್ ತಗೊಳ್ಳುತ್ತಿದ್ದರೆ ಸುಮ್ನೆ ಸಿರಪ್, ದಿನಕ್ಕೆರಡು ಎಳನೀರು, ಸೋಡಿಯಂ ಕಡಿಮೆ ಇರುವ (ಅದರ ಬದಲು ಪೊಟ್ಯಾಶಿಯಂ ಸೇರಿಸಿದ) ಉಪ್ಪು ಅಂತ ಶುರುಮಾಡಬೇಡಿ. ಅಂಥವರಿಗೆ ಪೊಟ್ಯಾಶಿಯಂ ವಿಪರೀತ ಏರಬಹುದು, ಅದು ಇಳಿಯುವುದಕ್ಕಿಂತ ಕಡಿಮೆ ಅಪಾಯವೇನಲ್ಲ. ಎದೆ ಡವಡವ, ತಲೆ ಸುತ್ತಿ ಬೀಳುವುದು, ಕೈಕಾಲು ಎತ್ತಲಾಗದಿರುವುದು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಅಪ್ಪನದು ಮೂರು ವಾರಕ್ಕೆ 4.1ಕ್ಕೆ ಬಂತು, ಮಾತ್ರೆಯನ್ನೂ ಬದಲಾಯಿಸಿದರು. ಜೇಷ್ಠಮಧು ಡಬ್ಬಿ ಈಗ ಅಮ್ಮನ ಬೀರುವಿನಲ್ಲಿದೆ. ಬೀಗದ ಕೈ ಎಲ್ಲಿದೆ ಅಂತ ಅಪ್ಪ ಇನ್ನೂ ಹುಡುಕುತ್ತಿದ್ದಾರೆ.