ಮಗ ಎಡಗೈಯಲ್ಲಿ ಉಣ್ಣುತ್ತಿದ್ದಾನೆ

ನ್ಯೂಜೆರ್ಸಿಯಿಂದ ಬಂದ ಈ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬರೆದವರು 13 ವರ್ಷದ ಹುಡುಗನ ತಾಯಿ. ಮಗ ಬೇಸ್‌ಬಾಲ್ ಪಿಚರ್, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಶನಿವಾರ ಊರಿನ ತಂಡಕ್ಕೆ 60 ಎಸೆತ, ಭಾನುವಾರ ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡಕ್ಕೆ 55. ಚಳಿಗಾಲದ ಕೋಚಿಂಗ್‌ಗೂ ಸೇರಿಸೋಣ, ಕಾಲೇಜ್ ಸ್ಕಾಲರ್‌ಶಿಪ್‌ಗೆ ಈಗಿಂದಲೇ ತಯಾರಾಗಬೇಕು ಅನ್ನುವುದು ಗಂಡನ ಹಟ. ಓದು ಹಾಳಾಗುತ್ತದೆ ಅನ್ನುವುದು ಇವರ ಚಿಂತೆ. ಗಂಡ ಹೆಂಡತಿ ಮಾತು ಬಿಟ್ಟು ಎರಡು ವಾರವಾಗಿದೆಯಂತೆ. ಕೋಚಿಂಗ್‌ಗೆ ಒಪ್ಪಲೋ ಬೇಡವೋ ಅಂತ ಕೇಳಿದ್ದಾರೆ.

ಪತ್ರದ ಕೊನೆಯಲ್ಲಿ, ಶಿವಮೊಗ್ಗದಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅತ್ತೆಯ ಮೇಲಿನ ದೂರುಗಳ ನಡುವೆ, ಒಂದು ಸಾಲಿದೆ: "ಮಗ ಈಚೆಗೆ ಎಡಗೈಲಿ ಚಮಚ ಹಿಡಿದು ಊಟ ಮಾಡ್ತಾನೆ ಅಂತ ಅದಕ್ಕೂ ಗೊಣಗ್ತಾರೆ. ಇಲ್ಲಿನ ಮಕ್ಕಳು ಹಾಗೇ ಅಂದ್ರೂ ಕೇಳೋಲ್ಲ."

ತಾಯೀ, ನಿಮ್ಮ ಮಗ ಬಲಗೈ ಪಿಚರ್. ಹುಟ್ಟಿದಾಗಿನಿಂದ ಬಲಗೈಯಲ್ಲೇ ಉಂಡವನು. ಚಮಚ ಎಡಗೈಗೆ ಹೋಗಿದ್ದು ಅಮೆರಿಕದ ರೂಢಿಯಿಂದಲ್ಲ. ಬಲಗೈ ಬಾಯಿಯ ತನಕ ಮಡಚುವಾಗ ಮೊಣಕೈ ನೋಯುತ್ತಿರಬೇಕು. ಮಕ್ಕಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ತಟ್ಟೆಯ ಮುಂದೆ ಕೂತಾಗ ಅದು ಕಾಣುತ್ತದೆ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಹೇಳಿದರೆ ಆಟ ಬಿಡಿಸುತ್ತಾರೆ ಅನ್ನುವ ಭಯ ಅವನಿಗೆ. ನಿಮ್ಮ ಅತ್ತೆಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಕ್ಕಿಲ್ಲ. ಆದರೆ ಆ ಮನೆಯಲ್ಲಿ ಎಲ್ಲರೂ ಪಿಚರ್‌ನನ್ನು ನೋಡುತ್ತಿದ್ದೀರಿ, ಅವರು ಮೊಮ್ಮಗನನ್ನು ನೋಡುತ್ತಿದ್ದಾರೆ.

ಈ ವಯಸ್ಸಿನಲ್ಲಿ ಮೊಣಕೈ ಒಳಬದಿಯ ಮೂಳೆತುದಿ ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ನಡುವೆ ಬೆಳೆಯುವ ಮೆತ್ತನೆಯ ಪದರ ಇರುತ್ತದೆ. ಕೈ ಬೀಸಿ ಎಸೆದಾಗಲೆಲ್ಲ ಅಲ್ಲಿ ಜಗ್ಗುತ್ತದೆ. ಬಿಡುವಿಲ್ಲದೆ ಜಗ್ಗಿದರೆ ನೋವು, ಊತ. ಕೆಲವು ಮಕ್ಕಳಲ್ಲಿ ಮೂಳೆಯ ಚೂರೇ ಕಿತ್ತು ಬರುತ್ತದೆ. ಅಲ್ಲಿನ ವೈದ್ಯರು ಇದಕ್ಕೆ 'ಲಿಟಲ್ ಲೀಗ್ ಎಲ್ಬೋ', ಅಂದರೆ ಮಕ್ಕಳ ಬೇಸ್‌ಬಾಲಿನ ಮೊಣಕೈ, ಅನ್ನುತ್ತಾರೆ.

ದಿನಕ್ಕೆ 95 ಎಸೆತದ ಮಿತಿ ದಾಟಿಲ್ಲವಲ್ಲ ಅನ್ನುತ್ತಾರಂತೆ ನಿಮ್ಮ ಯಜಮಾನರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ನಡೆಸುವ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ 2014ರಲ್ಲಿ ತಂದ 'ಪಿಚ್ ಸ್ಮಾರ್ಟ್' ಪಟ್ಟಿಯಲ್ಲಿ 13ರ ಹುಡುಗನಿಗೆ 95 ಅಂತಲೇ ಇದೆ. ಆದರೆ ಅದೇ ಪಟ್ಟಿಯಲ್ಲಿ, 51ರಿಂದ 65 ಎಸೆತ ಹಾಕಿದವನು ಮೂರು ದಿನ ವಿಶ್ರಾಂತಿ ತೆಗೆದುಕೊಳ್ಳಬೇಕು ಅಂತಲೂ ಇದೆ. ಶನಿವಾರ 60 ಹಾಕಿದ ಹುಡುಗ ಭಾನುವಾರ ಪಿಚ್ ಮಾಡುವ ಹಾಗೇ ಇಲ್ಲ. ಶನಿವಾರದ ಕೋಚ್ ತನ್ನ ದಿನದ್ದು ಎಣಿಸಿದ, ಭಾನುವಾರದವನು ತನ್ನದು. ಕೂಡಿಸಿದವರು ಯಾರೂ ಇಲ್ಲ. ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಪಂದ್ಯಗಳಲ್ಲಿ ಪಿಚ್ ಮಾಡಬಾರದು, ಅದರಲ್ಲಿ ಎರಡು ಮೂರು ತಿಂಗಳು ಸತತವಾಗಿ ಚೆಂಡು ಎಸೆಯುವುದನ್ನೇ ಬಿಡಬೇಕು ಅಂತಲೂ ಆ ಸಲಹೆಯಲ್ಲಿದೆ. ನಿಮ್ಮ ಚಳಿಗಾಲದ ಕೋಚಿಂಗ್ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಯಜಮಾನರನ್ನು ನಾನು ಬೈಯುವುದಿಲ್ಲ. ಅರ್ಧ ಓದಿದ್ದಾರೆ, ಅಷ್ಟೇ.

ನನಗೆ ನಿಜಕ್ಕೂ ಕೋಪ ಬಂದಿರುವುದು ನಿಮ್ಮ ತಮ್ಮನ ಮೇಲೆ. ಹುಟ್ಟುಹಬ್ಬಕ್ಕೆ ಎಸೆತದ ವೇಗ ಅಳೆಯುವ ಸ್ಪೀಡ್ ಗನ್ ತಂದುಕೊಟ್ಟು, ವಾರವಾರ ಫೋನ್ ಮಾಡಿ "ಎಷ್ಟು ಬಂತೋ?" ಅಂತ ಕೇಳುವ ಸೋದರಮಾವ. ಆ ಗನ್ ಮುಂದೆ ಮಗು ಪ್ರತಿ ಎಸೆತಕ್ಕೂ ಮೈಯೆಲ್ಲ ಹಿಂಡುತ್ತದೆ. "ಕೈ ಹೋದ್ರೆ ಟಾಮಿ ಜಾನ್ ಆಪರೇಷನ್ ಇದೆಯಲ್ಲ, ಆಮೇಲೆ ಇನ್ನೂ ಜೋರಾಗಿ ಎಸೀತಾರೆ" ಅಂದನಂತೆ. ಓದಿ ಮೈ ಉರಿಯಿತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇನ್ನೊಂದು ಕೈಯ ಸ್ನಾಯುರಜ್ಜು ತೆಗೆದು ಮೇಜರ್ ಲೀಗ್ ಪಿಚರ್ ಟಾಮಿ ಜಾನ್ ಅವರ ಮೊಣಕೈಗೆ ಕಟ್ಟಿದಾಗ ಜಾನ್‌ಗೆ 31 ವರ್ಷ. 1975ರ ಇಡೀ ಸೀಸನ್ ಪಂದ್ಯ ಆಡದೆ ಕಳೆದುಹೋಯಿತು. ಮರಳಿ ಬಂದು 164 ಪಂದ್ಯ ಗೆದ್ದಿದ್ದು ನಿಜವೇ. ಆದರೆ ಅದು ಬಲಿತ ಮೂಳೆಯ ಗಂಡಸಿನ ಕೈ. ಅದೇ ಆಪರೇಷನ್ ಆದ ಪಿಚರ್ ಜಾನ್ ಸ್ಮೋಲ್ಟ್ಸ್ 2015ರಲ್ಲಿ, ಬೇಸ್‌ಬಾಲಿನ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ವೇದಿಕೆಯ ಮೇಲೆ ನಿಂತು, ಬೇಸ್‌ಬಾಲ್ ವರ್ಷಪೂರ್ತಿ ಆಡುವ ಆಟವಲ್ಲ ಅಂತ ತಂದೆತಾಯಿಗಳಿಗೇ ಹೇಳಿದರು. ಆ ಭಾಷಣ ತಮ್ಮನಿಗೆ ಕಳಿಸಿ. ಗನ್ನನ್ನೂ ವಾಪಸ್ ಕಳಿಸಿ. ತೋಳು ದಣಿದಿದ್ದರೂ ಎಸೆಯುತ್ತಲೇ ಇದ್ದ ಹುಡುಗರಿಗೆ ಆಪರೇಷನ್ ಬೇಕಾಗುವ ಸಂಭವ 36 ಪಟ್ಟು ಹೆಚ್ಚು ಅಂತ 2006ರಲ್ಲೇ ಅಮೆರಿಕದ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿದೆ.

ನೀವು ಮಾಡಬೇಕಾದ್ದು ಒಂದೇ. ಈ ಶನಿವಾರ ಆಟ ಬೇಡ. ಅದಕ್ಕೆ ಮೊದಲೇ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಿ, ಅವರು ಸರಿ ಅನ್ನುವ ತನಕ ಚೆಂಡು ಮುಟ್ಟಿಸಬೇಡಿ. ಬೇಗ ಗೊತ್ತಾದರೆ ಹೆಚ್ಚಿನ ಮಕ್ಕಳಿಗೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತದೆ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಎಡಗೈಯಲ್ಲಿ ಉಣ್ಣಲು ಶುರುಮಾಡಿದ್ದು ಯಾವತ್ತಿನಿಂದ ಅಂತ ವೈದ್ಯರು ಕೇಳಿದರೆ, ಸರಿಯಾಗಿ ಹೇಳಬಲ್ಲವರು ಅವರೊಬ್ಬರೇ.