17 ಗುರಿ ಬದಿಗಿರಲಿ, ಆ ಹುಡುಗಿಗೆ ಓದಲು ಬಂತಾ?

ನಮಸ್ಕಾರ.

'ಎನ್‌ಜಿಒಗಳು ಮತ್ತು ಸುಸ್ಥಿರ ಅಭಿವೃದ್ಧಿ ಗುರಿಗಳು: ಒಂದು ಕೈಪಿಡಿ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಎಂಟನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸಣ್ಣ ತಪ್ಪುಗಳು. ಈ ಗುರಿಗಳು 2000ದಲ್ಲಿ ಶುರುವಾದವು ಎಂದಿದ್ದೀರಿ. ಅದು ಇವಕ್ಕಿಂತ ಮೊದಲಿದ್ದ ಸಹಸ್ರಮಾನ ಗುರಿಗಳ ಕತೆ. ಅವು ಎಂಟೇ ಇದ್ದವು, 2015ಕ್ಕೆ ಅವುಗಳ ಅವಧಿ ಮುಗಿಯಿತು. ಬಡತನ ನಿವಾರಣೆ, ಶಿಕ್ಷಣ, ಲಿಂಗ ಸಮಾನತೆ ಅಂತೆಲ್ಲ ನೀವು ಹೇಳುತ್ತಿರುವ 17 ಗುರಿಗಳನ್ನು ವಿಶ್ವಸಂಸ್ಥೆಯ 193 ಸದಸ್ಯ ದೇಶಗಳು ಒಪ್ಪಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಗಡುವು 2030. 'ಇವು ಎಲ್ಲ ದೇಶಗಳಿಗೂ ಕಾನೂನು' ಎಂಬ ಸಾಲನ್ನೂ ತೆಗೆಯಿರಿ. ದೇಶಗಳು ಮಾತು ಕೊಟ್ಟಿವೆ, ಅಷ್ಟೇ. ತಪ್ಪಿದರೆ ಶಿಕ್ಷೆ ಇಲ್ಲ.

ಇನ್ನು ದೊಡ್ಡ ತೊಂದರೆ. ಆರು ಪುಟಗಳಲ್ಲಿ 17 ಗುರಿಗಳನ್ನೂ ಒಂದೊಂದಾಗಿ ವಿವರಿಸಿದ್ದೀರಿ. ಮಗ್ಗಿ ಒಪ್ಪಿಸಿದ ಹಾಗಿದೆ. ಇದನ್ನು ಓದುವವರು ಯಾರು ಅಂತ ಯೋಚಿಸಿದ್ದೀರಾ? ಯಾವುದೋ ಸಣ್ಣ ಸಂಸ್ಥೆಯ ಕಾರ್ಯದರ್ಶಿ ಇರಬಹುದು. ನಾಳೆ ಬೆಳಿಗ್ಗೆಯೊಳಗೆ ಅವರು ದುಡ್ಡು ಕೊಡುವವರಿಗೆ ಪ್ರಪೋಸಲ್ ಕಳಿಸಬೇಕು. ಅದರಲ್ಲಿ 'ನಿಮ್ಮ ಕೆಲಸ ಯಾವ ಗುರಿಗೆ ಸೇರುತ್ತದೆ?' ಎಂಬ ಕಾಲಂ ಖಾಲಿ ಬಿದ್ದಿದೆ. ಹೊಂದುವ ಗುರಿಗಳನ್ನೆಲ್ಲ ಗುರುತಿಸಿ, ವರದಿಯಲ್ಲಿ ಅವುಗಳ ಲೋಗೋ ಹಾಕಿ ಎಂದು ನೀವು ಹೇಳುತ್ತೀರಿ. ಹಾಗೆ ಹೊರಟರೆ ಹೊಂದದ ಗುರಿಯೇ ಇರುವುದಿಲ್ಲ. ಮಕ್ಕಳಿಗೆ ಪುಸ್ತಕ ಕೊಟ್ಟರೆ ಶಿಕ್ಷಣ. ಅವರಲ್ಲಿ ಹುಡುಗಿಯರಿದ್ದರೆ ಲಿಂಗ ಸಮಾನತೆ. ಮುಂದೆ ಕೆಲಸ ಸಿಕ್ಕರೆ ಬಡತನ ನಿವಾರಣೆ. ಪುಸ್ತಕ ಹಳೆಯದಾದರೆ ಮರುಬಳಕೆಯೂ ಆಯಿತು!

ನಾನೂ ಇದನ್ನೇ ಮಾಡಿದ್ದೆ. ಒಂದು ಸಂಸ್ಥೆಯ ವಾರ್ಷಿಕ ವರದಿ ತಿದ್ದಿಕೊಡುವಾಗ ಮುಖಪುಟದಲ್ಲಿ 11 ಗುರಿಗಳ ಬಣ್ಣದ ಚೌಕಗಳನ್ನು ಸಾಲಾಗಿ ಕೂರಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಅಲ್ಲಿ ಲೆಕ್ಕ ಬರೆಯುತ್ತಿದ್ದವರು ಕೇಳಿದರು, "ಉಳಿದ ಆರನ್ನು ಯಾಕೆ ಬಿಟ್ಟಿರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹನ್ನೊಂದನ್ನು ಯಾಕೆ ಹಾಕಿದೆ ಎಂಬುದಕ್ಕೂ ಇರಲಿಲ್ಲ.

ಈಗ ಎಂಟನೇ ಪುಟಕ್ಕೆ ಬರೋಣ. ಸಂಜೆ ಹೊತ್ತಿನ ಓದುವ ಕೇಂದ್ರದಲ್ಲಿ ನೀವು ಎರಡು ವರ್ಷ ದುಡಿದದ್ದನ್ನು ಆರೇ ಸಾಲಿನಲ್ಲಿ ಮುಗಿಸಿದ್ದೀರಿ. ಹಾಜರಿ ಚೆನ್ನಾಗಿತ್ತು. ಹಂಚಿದ ಪುಸ್ತಕಗಳ ಲೆಕ್ಕವೂ ಪಕ್ಕಾ ಇತ್ತು. ಒಂದು ಸಂಜೆ ಒಬ್ಬ ಹುಡುಗಿ ಗಡಗಡ ಕತೆ ಓದುತ್ತಿದ್ದಳು. ಗಾಳಿಗೆ ಪುಟ ಮಗುಚಿಕೊಂಡಿತು. ಅವಳು ನಿಲ್ಲಿಸಲೇ ಇಲ್ಲ, ಹಿಂದಿನ ಪುಟವನ್ನೇ ಹೇಳುತ್ತಾ ಹೋದಳು. ಪೂರಾ ಬಾಯಿಪಾಠ. ಇಷ್ಟು ಬರೆದು ನೀವು, 'ಆದ್ದರಿಂದ ಮೌಲ್ಯಮಾಪನ ಅತಿ ಮುಖ್ಯ' ಎಂದು ಮುಂದಿನ ವಿಷಯಕ್ಕೆ ಹಾರಿಬಿಟ್ಟಿರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು ಅಲ್ವಾ!

ಯಾಕೆ ಅಂದರೆ, 4ನೇ ಗುರಿ ಗುಣಮಟ್ಟದ ಶಿಕ್ಷಣ. ಹೆಸರು ಮಾತ್ರ ನೋಡಿದರೆ ನಿಮ್ಮ ಕೇಂದ್ರ ಸಲೀಸಾಗಿ ಅದರೊಳಗೆ ಸೇರುತ್ತದೆ. ಆದರೆ ಗುರಿಗಳ ಕೆಳಗೆ ಒಟ್ಟು 169 ಉಪಗುರಿಗಳಿವೆ, ಅವುಗಳ ಕೆಳಗೆ ಅಳತೆಗೆಂದೇ ಸೂಚಕಗಳಿವೆ. 4.1.1 ಸೂಚಕ ತೆಗೆದು ನೋಡಿ. ಅಲ್ಲಿ ಹಾಜರಿಯ ಮಾತೇ ಇಲ್ಲ. 2 ಅಥವಾ 3ನೇ ತರಗತಿಯಲ್ಲಿ, ಪ್ರಾಥಮಿಕ ಹಂತದ ಕೊನೆಯಲ್ಲಿ, ಆಮೇಲೆ ಪ್ರೌಢ ಹಂತದ ಮೊದಲ ಘಟ್ಟ ಮುಗಿಯುವಾಗ, ನೂರಕ್ಕೆ ಎಷ್ಟು ಮಕ್ಕಳಿಗೆ ಓದು ಮತ್ತು ಗಣಿತ ಕನಿಷ್ಠ ಮಟ್ಟಕ್ಕಾದರೂ ಬರುತ್ತದೆ? ಅದು ಕೇಳುವುದು ಇಷ್ಟೇ. ನಿಮ್ಮ ರಿಜಿಸ್ಟರ್‌ನಲ್ಲಿ ಆ ಹುಡುಗಿ ತಪ್ಪದೆ ಬರುವ ಜಾಣೆ. ಈ ಸೂಚಕದ ಲೆಕ್ಕದಲ್ಲಿ ಅವಳಿಗೆ ಇನ್ನೂ ಓದಲು ಬಂದಿಲ್ಲ. ನಿಮ್ಮ ಲೇಖನ ಹುಟ್ಟಬೇಕಾದದ್ದು ಈ ಎರಡರ ನಡುವೆ.

ಇಲ್ಲೊಂದು ತೊಡಕಿದೆ. ಸೂಚಕಗಳನ್ನು ಮಾಡಿರುವುದು ಮುಖ್ಯವಾಗಿ ದೇಶಗಳ ಲೆಕ್ಕಕ್ಕೆ. 40 ಮಕ್ಕಳ ಕೇಂದ್ರದಿಂದ ದೇಶದ ಅಂಕಿ ಕದಲುವುದಿಲ್ಲ. 'ನಮ್ಮ ಸಂಸ್ಥೆ 4ನೇ ಗುರಿ ಸಾಧಿಸಿದೆ' ಎಂದು ಬರೆದರೆ ಅದು ಬರೀ ಬಡಾಯಿ. ಆದರೆ ಸೂಚಕದ ಪ್ರಶ್ನೆಯನ್ನು ತನ್ನ ಮಕ್ಕಳಿಗೇ ಕೇಳಲು ಸಂಸ್ಥೆಗೆ ಏನೂ ಅಡ್ಡಿಯಿಲ್ಲ. ಸೇರಿದ ದಿನ ಮಗು ಹಿಂದೆಂದೂ ನೋಡದ ಒಂದು ಪುಟ ಕೊಟ್ಟು ಓದಿಸಿ, ಎಷ್ಟು ಬಂತು ಎಂದು ಬರೆದಿಡಬಹುದು. ಆರು ತಿಂಗಳಿಗೆ ಇನ್ನೊಂದು ಹೊಸ ಪುಟ. ಮಧ್ಯೆ ಮಗು ಶಾಲೆಯಲ್ಲೂ ಕಲಿತಿರುತ್ತದೆ, ಎಲ್ಲವೂ ನಮ್ಮಿಂದಲೇ ಅನ್ನುವ ಹಾಗಿಲ್ಲ. ಅದನ್ನೂ ವರದಿಯಲ್ಲಿ ಹೇಳಬೇಕು. ದುಡ್ಡು ಕೊಡುವವರಲ್ಲಿ ಕೆಲವರಿಗೆ ಇದು ಹಿಡಿಸದೇ ಇರಬಹುದು. ಆಗ ಏನು ಮಾಡಬೇಕು ಎಂಬುದನ್ನೂ ಬರೆಯಿರಿ, ಓದುವವರಿಗೆ ಅದು ಬೇಕು.

'ಯಾರನ್ನೂ ಹಿಂದೆ ಬಿಡಬಾರದು' ಎಂಬ ಈ ಗುರಿಗಳ ಮೂಲಮಾತನ್ನು ನಾಲ್ಕು ಕಡೆ ಬಳಸಿದ್ದೀರಿ. ಸರಿ, ನಿಮ್ಮ ಕೇಂದ್ರಕ್ಕೆ ಬಾರದೆ ಉಳಿದವರು ಯಾರು? ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿಯರು ಇದ್ದರಾ? ಇದ್ದರೆ 5ನೇ ಗುರಿ, ಅಂದರೆ ಲಿಂಗ ಸಮಾನತೆಯ ಕೆಳಗಿರುವ 5.4 ಉಪಗುರಿ ಓದಿ. ಅದು ಇರುವುದೇ ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಯ ಬಗ್ಗೆ. ಅಂಥ ಹುಡುಗಿಯರಿಗಾಗಿ ಕೇಂದ್ರದ ಸಮಯ ಬದಲಿಸಿದಿರಾ? ತಂಗಿಯನ್ನೂ ಕರೆತಾ ಎಂದಿರಾ? ಹಾಗೆ ಮಾಡಿದ್ದರೆ 5ನೇ ಗುರಿಯ ಮಾತೆತ್ತಿ. ಇಲ್ಲದಿದ್ದರೆ ಸುಮ್ನೆ ಬಿಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಮಹತ್ವದ ಪಾತ್ರ ವಹಿಸುತ್ತದೆ' ಎಂದು ಕಂಡಲ್ಲೆಲ್ಲ ಹೊಡೆದುಹಾಕಿದ್ದೇನೆ. 'ಸಬಲೀಕರಣ' ಇದ್ದ ಕಡೆ ಯಾರು, ಯಾರಿಗೆ, ಏನು ಮಾಡಿದರು ಎಂದು ಬರೆಯಿರಿ.

ಮೊದಲ ಆರು ಪುಟ ಪೂರ್ತಿ ಬಿಡಿ. 1,200 ಪದ ಸಾಕು. ಗಾಳಿಗೆ ಪುಟ ಮಗುಚಿದ ಆ ಸಂಜೆಯಿಂದ ಶುರು ಮಾಡಿ. ಮತ್ತೆ, ಮಾರನೇ ದಿನ ರಿಜಿಸ್ಟರ್‌ನಲ್ಲಿ ಅವಳ ಹೆಸರಿನ ಮುಂದೆ ನೀವು ಏನು ಬರೆದಿರಿ? ಅದನ್ನು ಎಲ್ಲೂ ಹೇಳಿಲ್ಲ.